ಕೊರೊವಾಯ್ ಬಾಣಕ್ಕೆ ನಾನು ಕೆತ್ತಿದ ತುದಿ

ಆ ಬಾಣ ನನ್ನ ಕೈಗೆ ಬಂದಾಗ ಅದಕ್ಕೆ ತುದಿ ಇರಲಿಲ್ಲ. ತಂದವರು ಶಿವನಿ ಸ್ಟೇಷನ್ನಿನ ಆಚೆ, ರೈಲು ಹಳಿಗೆ ಅಂಟಿಕೊಂಡಂತೆ ತೆಂಗಿನ ತೋಟ ಮಾಡಿಕೊಂಡಿದ್ದ ಒಬ್ಬ ನಿವೃತ್ತ ಭೂವಿಜ್ಞಾನಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿ, ಆಮೇಲೆ ಯಾವುದೋ ವಿದೇಶಿ ಸರ್ವೆಯ ಜೊತೆ ನ್ಯೂಗಿನಿ ಎಂಬ ದ್ವೀಪಕ್ಕೆ ಹೋಗಿ ಕೆಲವು ವರ್ಷ ಇದ್ದು ಬಂದವರು. ಊರವರಿಗೆಲ್ಲ ಅವರು ಸಾಹೇಬರು. ನಾನು ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುವ ಕ್ರಾಫ್ಟ್ ಮೇಷ್ಟ್ರು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಾಹೇಬರು ನನ್ನ ವರ್ಕ್‌ಶಾಪಿಗೆ ಬಂದು, ಪಂಚೆಯಲ್ಲಿ ಸುತ್ತಿದ್ದ ಉದ್ದನೆಯ ಗಂಟನ್ನು ಬೆಂಚಿನ ಮೇಲೆ ಬಿಚ್ಚಿದರು. ನನಗಿಂತ ಒಂದು ಗೇಣು ಎತ್ತರದ ಕಪ್ಪು ಬಿಲ್ಲು. ಎರಡು ಬಾಣ.

"ಆ ಕಾಡಲ್ಲಿ ಮರದ ಮೇಲೆ ಮನೆ ಕಟ್ಕೊಂಡು ಒಂದು ಜನ ಇದಾರೆ ಮೇಷ್ಟ್ರೇ. ಹೊಳೆ ಕೆಳಗಿನ ಊರೋರು ಅವರನ್ನ ಕೊರೊವಾಯ್ ಅಂತಿದ್ರು. ಒಂದಿನ ನಮ್ಮ ಕ್ಯಾಂಪಿಗೆ ಒಬ್ಬ ಬಂದ. ನನ್ನ ಉಕ್ಕಿನ ಕೊಡಲಿ ಅವನಿಗೆ ಬೇಕಾಗಿತ್ತು. ಕೊಟ್ಟೆ. ಅವನು ಇದನ್ನೆಲ್ಲ ಕೊಟ್ಟ. ಹಡಗಲ್ಲಿ ಬರೋವಾಗ ಪೆಟ್ಟಿಗೆ ಒಳಗೆ ಇದರ ತುದಿ ಮುರಿದು ಎಲ್ಲೋ ಹೋಯ್ತು. ಮೊದಲಿನ ಹಾಗೆ ಮಾಡ್ಕೊಡಕ್ಕಾಗುತ್ತಾ?"

ನಾನು ಬಾಣಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಕಡೆಯ ಬಾಣಗಳಂತೆ ಹಿಂದೆ ಗರಿ ಇರಲಿಲ್ಲ. ಹೆದೆಗೆ ಕೂರಿಸುವ ಕಚ್ಚೂ ಇರಲಿಲ್ಲ. ಜೊಂಡಿನಂಥ ಹಗುರ ಕಡ್ಡಿ, ಅದರ ಮುಂದಕ್ಕೆ ಭಾರವಾದ ಮರದ ಭಾಗ. ಎರಡೂ ಸೇರುವ ಕಡೆ ಮಾಡಿದವನು ಹುರಿ ಸುತ್ತಿ, ಮೇಣದಂಥದ್ದೇನನ್ನೋ ಬಳಿದಿದ್ದ. ಮುಂಭಾಗ ಭಾರ ಇರುವುದರಿಂದಲೇ ಅದು ನೆಟ್ಟಗೆ ಹೋಗುತ್ತದೆ ಎಂಬುದು ಬೆರಳ ಮೇಲಿಟ್ಟು ತೂಗಿದಾಗ ತಿಳಿಯಿತು. ಒಂದು ಬಾಣಕ್ಕೆ ಅಗಲವಾದ ಬಿದಿರಿನ ಅಲಗು. ಇನ್ನೊಂದರ ಮರದ ಮೇಲೆ ಕೆತ್ತನೆ. ಬಳೆ ಬಳೆಯಾಗಿ ಕೊರೆದು, ಕೊರೆದ ಗೆರೆಗಳಿಗೆ ಕೆಂಪು, ಬಿಳಿ ತುಂಬಿದ್ದ. ತುದಿ ಮುರಿದದ್ದು ಇದಕ್ಕೆ.

ಸಾಹೇಬರ ಹತ್ತಿರ ಮುರಿಯುವ ಮೊದಲು ತೆಗೆದ ಫೋಟೋ ಇತ್ತು. ತುದಿಯ ಎರಡೂ ಬದಿಗೆ ಹಿಂದಕ್ಕೆ ಬಾಗಿದ ಮುಳ್ಳುಗಳ ಸಾಲು. ಸಾಲು ಮುಗಿಯುವ ಕಡೆ ಮರವನ್ನು ಸುತ್ತಲೂ ಕೊರೆದು ತೆಳ್ಳಗೆ ಮಾಡಿತ್ತು.

"ಇಲ್ಲಿ ಯಾಕೆ ಸಾರ್ ಸಣ್ಣ ಮಾಡಿದಾನೆ? ಇಲ್ಲೇ ಮುರಿಯುತ್ತಲ್ಲ."

"ಮುರೀಲಿ ಅಂತಾನೇ ಮಾಡಿರೋದು. ಎಳೆದ್ರೆ ಕಡ್ಡಿ ಕೈಗೆ ಬರುತ್ತೆ, ಮುಳ್ಳು ಒಳಗೇ ಉಳಿಯುತ್ತೆ. ಹಂದಿಗೆ ಆ ಬಿದಿರಿನದ್ದು. ಇದು ಮನುಷ್ಯರಿಗೆ."

ಅವರು ಸಹಜವಾಗಿ ಹೇಳಿದರು. ನಾನು ಬಾಣವನ್ನು ಬೆಂಚಿನ ಮೇಲಿಟ್ಟು ಕೈ ಒರೆಸಿಕೊಂಡೆ. ಆಗಲೇ ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಉಕ್ಕಿನ ಉಳಿಯ ಗುರುತಿಲ್ಲದ ಆ ಕೆತ್ತನೆ ನನ್ನನ್ನು ಕೆಣಕಿತ್ತು. ಸ್ಟೂಲು, ಡಸ್ಟರು, ನಕಾಶೆ ಹಲಗೆ ಮಾಡಿಸಿ ಮಾಡಿಸಿ ನನ್ನ ಕೈ ಮಂಕಾಗಿತ್ತು. "ನೋಡ್ತೀನಿ ಸಾರ್" ಎಂದೆ.

ಮರ ತಾಳೆಯ ಜಾತಿಯದು. ಉದ್ದಕ್ಕೂ ಕಪ್ಪು ನಾರು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬಗನಿ. ತರೀಕೆರೆಯಲ್ಲಿದ್ದ ನನ್ನ ಅತ್ತೆಯ ಮನೆಯ ಹಿತ್ತಿಲಲ್ಲಿ ಬಗನಿಯ ಹಳೆಯ ಒನಕೆಯೊಂದು ಸೀಳಿ ಬಿದ್ದಿತ್ತು. ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದೆ. ಮೊದಲನೆಯ ತುದಿ ಎರಡೇ ಮುಳ್ಳಿಗೆ ಸೀಳಿತು. ಬಗನಿ ಮರ ಅಲ್ಲ, ಒತ್ತಾಗಿ ಕಟ್ಟಿದ ತಂತಿಯ ಕಂತೆ. ಉಳಿಯಿಟ್ಟು ಹೊಡೆದರೆ ನಾರು ಎದ್ದು ಬರುತ್ತದೆ. ಎರಡನೆಯದು ಆರನೆಯ ಮುಳ್ಳಿನ ತನಕ ಬಂದು ಹಾಳಾಯಿತು. ಮೂರನೆಯದಕ್ಕೆ ಉಳಿಯನ್ನು ಮುಟ್ಟಲೇ ಇಲ್ಲ. ಒಡೆದ ಗಾಜಿನ ಚೂರು ತೆಗೆದುಕೊಂಡು, ಹೊಡೆಯದೆ ಕೆರೆಯುತ್ತ ಹೋದೆ. ಅವನೂ ಹೀಗೆ ಕಲ್ಲಿನಿಂದಲೋ ಯಾವುದೋ ಪ್ರಾಣಿಯ ಹಲ್ಲಿನಿಂದಲೋ ಕೆರೆದಿರಬೇಕು. ಒಂದು ಮುಳ್ಳಿಗೆ ಒಂದು ಮಧ್ಯಾಹ್ನ. ಹಿಂಬದಿಯ ಅಂಚು ಎಷ್ಟು ಚೂಪಾಗಬೇಕೆಂದು ನನ್ನ ಹೆಬ್ಬೆರಳಿಗೇ ಒತ್ತಿ ನೋಡುತ್ತಿದ್ದೆ.

ಹಳೆಯ ಮರವನ್ನೂ ಹೊಸದನ್ನೂ ಓರೆಯಾಗಿ ಕೊಯ್ದು, ಒಂದರ ಮೇಲೊಂದು ಕೂರಿಸಿ, ಎರಡು ಟ್ಯೂಬು ಬೆರೆಸುವ ಅಂಟು ಹಾಕಿ ಬಿಗಿದೆ. ಮುಳ್ಳಿನ ಬುಡದ ಆ ತೆಳು ಕಚ್ಚು ಮಾತ್ರ ಬಾಕಿ ಇತ್ತು. ಅದನ್ನು ಬಿಟ್ಟರೂ ನಡೆಯುತ್ತಿತ್ತು. ಗೋಡೆಗೆ ತೂಗುಹಾಕುವ ವಸ್ತು, ಯಾರು ನೋಡುತ್ತಾರೆ? ಆದರೆ ಕೆಲಸ ಪೂರ್ತಿ ಆಗಲಿಲ್ಲ ಎನಿಸಿತು. ಫೋಟೋದಲ್ಲಿದ್ದಷ್ಟೇ ಆಳಕ್ಕೆ ಕೊರೆದೆ. ಸಾಹೇಬರು ಕೆಮ್ಮಣ್ಣುಗುಂಡಿಯ ಒಂದು ಅದಿರುಗಲ್ಲು ಕೊಟ್ಟಿದ್ದರು. ತೇಯ್ದು ಕೆಂಪು ಮಾಡಿದೆ, ಬಿಳಿಗೆ ಸುಣ್ಣ. ಜೋಡಿಸಿದ ಗೆರೆ ನನಗೆ ಬಿಟ್ಟು ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ.

ಬಿಲ್ಲಿಗೆ ದಾರದ ಹೆದೆಯಲ್ಲ, ಬೆತ್ತದ ಸೀಳು. ಅದು ಒಣಗಿ ತುಂಡಾಗಿತ್ತು. ಹೊಸ ಬೆತ್ತ ಸೀಳಿ ಏರಿಸಿದರೆ ಮೂರು ಸಲ ಕಿತ್ತುಹೋಯಿತು. ನಾಲ್ಕನೆಯದನ್ನು ನೀರಲ್ಲಿ ನೆನೆಸಿ, ತಿರುಚಿ, ಹಸಿಯಾಗಿದ್ದಾಗಲೇ ಕಟ್ಟಿ ನೆರಳಿನಲ್ಲಿ ಒಣಗಿಸಿದೆ. ನಿಂತಿತು.

ಒಂದು ಭಾನುವಾರ ಎಲ್ಲವನ್ನೂ ಹೊತ್ತು ರೈಲಿನಲ್ಲಿ ಶಿವನಿಗೆ ಹೋದೆ. ಸಾಹೇಬರು ಕೆತ್ತನೆಯ ಬಾಣವನ್ನು ತಿರುಗಿಸಿ ತಿರುಗಿಸಿ ನೋಡಿ, "ಎಲ್ಲಿ ಸೇರಿಸಿದೀರಿ ಅಂತಾನೇ ಗೊತ್ತಾಗಲ್ಲವಲ್ರೀ" ಎಂದರು. ಅಲ್ಲಿಗೆ ಸುಮ್ಮನಾಗಬೇಕಿತ್ತು. "ಹೆದೆ ತಡೆಯುತ್ತಾ ನೋಡೋಣ ಸಾರ್" ಎಂದವನು ನಾನು. ಅವರು ಬಿದಿರಿನ ಬಾಣ ಹೂಡಿ ತೆಂಗಿನ ಬುಡಕ್ಕೆ ಬಿಟ್ಟರು. ಅದು ನಾಲ್ಕು ಬೆರಳು ಒಳಗೆ ಹೋಯಿತು. ನನ್ನ ಮೈ ಜುಮ್ಮೆಂದಿತು. "ಇನ್ನೊಂದು ಸಲ ಬಿಡಿ ಸಾರ್" ಎಂದೆ. ಮತ್ತೆ ಬಿಟ್ಟರು. ನಾನೂ ಒಂದು ಸಲ ಬಿಟ್ಟೆ. ನಾಲ್ಕನೆಯ ಸಲಕ್ಕೆ ಬಿದಿರಿನ ಅಲಗು ಉದ್ದಕ್ಕೆ ಸೀಳಿತು. "ಹೋಗ್ಲಿ ಬಿಡಿ, ಒಳ್ಳೇದು ಉಳೀತಲ್ಲ" ಎಂದು ಅವರು ನಕ್ಕರು. ಮರಳಿ ಬರುವಾಗ ರೈಲಿನಲ್ಲಿ ನನಗೆ ಕೂರಲು ಆಗಲಿಲ್ಲ. ಬಾಗಿಲಲ್ಲೇ ನಿಂತು ಬಂದೆ. ಸಂತೋಷಕ್ಕೆ ಎಂದುಕೊಂಡಿದ್ದೆ.

ಮೂರು ವಾರ ಕಳೆದಿರಬೇಕು. ಶಿವನಿಯ ಹತ್ತಿರ ಹಳಿ ತಪಾಸಣೆಗೆ ಹೋಗಿದ್ದ ಒಬ್ಬ ಗ್ಯಾಂಗ್‌ಮನ್‌ನ ತೊಡೆಗೆ ಯಾರೋ ಬಾಣ ಹೊಡೆದರಂತೆ ಎಂದು ಸ್ಟಾಫ್ ರೂಮಿನಲ್ಲಿ ಮಾತು ಬಂತು. ಬೆಳಿಗ್ಗೆ ಬಹಿರ್ದೆಸೆಗೆಂದು ಪೊದೆಯ ಮರೆಗೆ ಹೋಗಿದ್ದನಂತೆ. ಎಳೆದರೆ ಕಡ್ಡಿ ಮಾತ್ರ ಕೈಗೆ ಬಂತಂತೆ. ತರೀಕೆರೆಯ ಆಸ್ಪತ್ರೆಗೆ ಸಾಗಿಸಿ ಕುಯ್ದು ತೆಗೆದರಂತೆ. ನನ್ನ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟೆ. ಯಾರು ಹೊಡೆದದ್ದು ಎಂದು ಯಾರೋ ಕೇಳಿದರು. "ಆ ಹಕ್ಕಿ ಹಿಡಿಯೋನು ಕಣ್ರೀ. ಹಳಿ ಪಕ್ಕ ಗುಡಾರ ಹಾಕ್ಕೊಂಡಿದಾನಲ್ಲ, ಅವನು. ಬಾಣದ ಕಡ್ಡಿ ಅವನ ಗುಡಾರದಲ್ಲೇ ಸಿಕ್ತಂತೆ. ಹಿಡ್ಕೊಂಡು ಹೋಗಿದಾರೆ" ಎಂದರು ಡ್ರಿಲ್ ಮೇಷ್ಟ್ರು.

ಮಾರನೆಯ ದಿನ ಸಬ್ ಇನ್ಸ್‌ಪೆಕ್ಟರೇ ವರ್ಕ್‌ಶಾಪಿಗೆ ಬಂದರು. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಎರಡು ತುಂಡು.

"ಮೇಷ್ಟ್ರೇ, ಡಾಕ್ಟ್ರು ಇದು ಭಾರಿ ನಾಜೂಕು ಕೆಲಸ ಅಂತಾರೆ. ನೀವು ಮರ ಬಲ್ಲೋರು. ಮೂರೇ ಪ್ರಶ್ನೆ. ಯಾವ ಮರ, ಎರಡೂ ತುಂಡು ಒಂದೇ ಬಾಣದ್ದಾ, ಯಾವ ಸಾಮಾನಿಂದ ಮಾಡಿದ್ದು. ಬರೆದು ಸಹಿ ಹಾಕ್ಕೊಡಿ ಸಾಕು."

ಉದ್ದನೆಯ ತುಂಡಿನಲ್ಲಿ ಜೊಂಡಿನ ಕಡ್ಡಿ, ಕೆತ್ತನೆಯ ಮರ, ಕಿರುಬೆರಳಷ್ಟು ಬಗನಿ. ಚಿಕ್ಕ ತುಂಡು ಪೂರ್ತಿ ಬಗನಿ. ನಾನು ಕೊರೆದ ಕಚ್ಚಿನಲ್ಲೇ, ಗೆರೆ ಎಳೆದಂತೆ, ಮುರಿದಿತ್ತು. ಮುಳ್ಳುಗಳ ಸಂದಿಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಒಂದೂ ಮುಳ್ಳು ಮುಕ್ಕಾಗಿರಲಿಲ್ಲ.

"ಆ ಹಕ್ಕಿ ಹಿಡಿಯೋನು ಏನಂತಾನೆ ಸಾರ್?" ಎಂದೆ.

"ಹಳಿ ಪಕ್ಕ ಬಿದ್ದಿತ್ತು, ಚೆನ್ನಾಗಿತ್ತು ಅಂತ ಎತ್ಕೊಂಡೆ ಅಂತಾನೆ. ಎಲ್ಲಾ ಹಾಗೇ ಅನ್ನೋದು. ಈ ಮುಂದಿನ ತುಂಡು ನಮ್ಮ ಕಡೆ ಮರಾನಾ ಅಲ್ವಾ, ಅದು ಹೇಳಿ ಮೊದಲು."

"ಪರೀಕ್ಷೆ ಮಾಡ್ಬೇಕು ಸಾರ್. ನಾಳೆ ಸಂಜೆಗೆ ಬರೆದು ತಂದ್ಕೊಡ್ತೀನಿ."

ಅವರು ತುಂಡುಗಳನ್ನು ಬಿಡಲಿಲ್ಲ. ಅಲ್ಲೇ ನೋಡಿ ಗುರುತು ಹಾಕಿಕೊಳ್ಳಿ ಎಂದರು. ನಾನು ಭೂತಗನ್ನಡಿ ಹಿಡಿದು, ನನಗೆ ಚೆನ್ನಾಗಿ ಗೊತ್ತಿದ್ದದ್ದನ್ನೆಲ್ಲ ಗೊತ್ತಿಲ್ಲದವನಂತೆ ನೋಡಿದೆ. ಅಳತೆ ಬರೆದುಕೊಂಡೆ. ಪೆನ್ಸಿಲು ಎರಡು ಸಲ ಮುರಿಯಿತು.

ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಶಿವನಿಗೆ ಸೈಕಲ್ ತುಳಿದೆ. ರೈಲಿಗೆ ಕಾಯುವ ತಾಳ್ಮೆ ಇರಲಿಲ್ಲ. ಸಾಹೇಬರು ವರಾಂಡದಲ್ಲಿ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಎದ್ದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಪೊದೆ ಅಲ್ಲಾಡ್ತು ಮೇಷ್ಟ್ರೇ. ನಾಲ್ಕು ದಿನದಿಂದ ಹಂದಿ ಬಂದು ಸಸಿ ಬುಡ ಎಲ್ಲಾ ಅಗೆದಿತ್ತು. ಹಂದೀನೇ ಅಂದ್ಕೊಂಡೆ. ಬಿದಿರಿಂದು ಅವತ್ತೇ ಸೀಳಿತ್ತಲ್ಲ, ಇದೊಂದೇ ಇದ್ದದ್ದು. ಕೂಗು ಕೇಳಿಸಿದ ಮೇಲೆ ನಂಗೆ ಕಾಲೇ ಬರಲಿಲ್ಲ."

"ಹೋಗಿ ಹೇಳಿ ಸಾರ್. ಆ ಹಕ್ಕಿ ಹಿಡಿಯೋನ್ನ ಕೂಡಿಹಾಕಿದಾರೆ. ತುಂಡುಗಳನ್ನ ನೋಡಿ ಹೇಳಿ ಅಂತ ನನ್ನ ಹತ್ರಾನೇ ತಂದಿದ್ರು."

"ಹೇಳ್ತೀನಿ. ಈಗಲೇ ಅಲ್ಲ. ಪೆಟ್ಟು ತೊಡೆಗೆ ತಾನೇ, ಪ್ರಾಣಕ್ಕೇನೂ ಭಯ ಇಲ್ಲವಂತೆ. ಅವನನ್ನೂ ನಾಲ್ಕು ದಿನ ಇಟ್ಕೊಂಡು ಬಿಡ್ತಾರೆ. ಈ ವಯಸ್ಸಲ್ಲಿ ನಾನು ಕೋರ್ಟು, ಸ್ಟೇಷನ್ನು..." ಅವರು ತಲೆ ತಗ್ಗಿಸಿದರು. "ನಿಮ್ಮನ್ನ ಏನು ಕೇಳಿದ್ರು?" ಎಂದರು.

ಮೂರು ಪ್ರಶ್ನೆ ಹೇಳಿದೆ.

"ಮೂರಕ್ಕೂ ನಿಜಾನೇ ಬರೀರಿ. ಬಗನಿ ಅಂತ ಬರೀರಿ. ಒಂದೇ ಬಾಣ ಅಂತ ಬರೀರಿ. ಯಾರು ಮಾಡಿದ್ದು ಅಂತ ಅವರು ಕೇಳಿಲ್ಲವಲ್ಲ. ನಿಮ್ಮ ಕೆಲಸಾನೂ ಇನ್ನೂ ಖಾಯಂ ಆಗಿಲ್ಲ. ಯೋಚನೆ ಮಾಡಿ."

ಅವರನ್ನು ಬೈದು ಬರಬಹುದಿತ್ತು. ಬೈಯಲಿಲ್ಲ. ಏಕೆಂದರೆ ದಾರಿಯುದ್ದಕ್ಕೂ ಸೈಕಲ್ ತುಳಿಯುತ್ತ ನಾನೂ ಅದನ್ನೇ ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವರ ಬಾಯಿಂದ ಕೇಳಿದಾಗ ನನ್ನದೇ ಮಾತು ವಾಸನೆ ಹೊಡೆಯಿತು.

ವಾಪಸ್ಸು ಬರುವಾಗ ಠಾಣೆಯ ಎದುರಿನ ಹುಣಸೆ ಮರದ ಕೆಳಗೆ ಒಬ್ಬಳು ಹೆಂಗಸು ಕೂತಿದ್ದಳು. ಮಡಿಲಲ್ಲಿ ಬುತ್ತಿಯ ಗಂಟು. ಹಕ್ಕಿ ಹಿಡಿಯುವವನ ಹೆಂಡತಿಯೇ ಇರಬೇಕೆಂದು ಸೈಕಲ್ ನಿಲ್ಲಿಸಿದೆ.

"ಬುತ್ತಿ ಕೊಡಕ್ಕೆ ಬಿಡ್ತಾ ಇಲ್ವಾ?"

"ಬಿಟ್ಟವ್ರೆ ಸ್ವಾಮಿ. ಅವ್ನೇ ತಿಂತಿಲ್ಲ. ನಮ್ಮೋನು ಬಲೆ ಹಾಕೋನು. ಬಿಲ್ಲು ಅಂದ್ರೆ ಎಂಗಿರ್ತದೆ ಅಂತಾನೂ ಗೊತ್ತಿಲ್ಲ. ಯಾರೋ ಮೇಷ್ಟ್ರು ಮರ ನೋಡಿ ಹೇಳ್ತಾರಂತೆ, ಅವ್ರು ಹೇಳಿದ್ರೆ ಬಿಡ್ತಾರಂತೆ. ಆ ಮೇಷ್ಟ್ರು ನಿಮಗೆ ಗೊತ್ತಾ?"

"ಗೊತ್ತು" ಎಂದೆ.

"ಒಳ್ಳೇರಾ?"

ನಾನು ಸೈಕಲ್ ಹತ್ತಿದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟಳು. "ನಮ್ಮಮ್ಮನ ಒನಕೇಲಿ ಮಾಡಿದ್ರಾ?" ಎಂದಳು. ಅಷ್ಟೇ. ಆಮೇಲೆ ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸಿದಳು.

ಮಾರನೆಯ ದಿನ ಪಾಠವಿಲ್ಲದ ಗಂಟೆಯಲ್ಲಿ ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು ಬರೆಯಲು ಕೂತೆ. ಒಂದು: ತುದಿಯ ತುಂಡು ಬಗನಿ, ಹಿಂದಿನ ತುಂಡಿನ ಮರ ಈ ಸೀಮೆಯದಲ್ಲ. ಎರಡು: ಎರಡೂ ಒಂದೇ ಬಾಣದವು. ಮೂರು: ತುದಿ ಗಾಜಿನ ಚೂರಿನಿಂದ ಕೆರೆದು ಮಾಡಿದ್ದು. ಮೂರನ್ನೂ ಓದಿಕೊಂಡೆ. ಒಂದಕ್ಷರ ಸುಳ್ಳಿರಲಿಲ್ಲ. ಸಹಿ ಹಾಕಿದರೆ ಮುಗಿಯಿತು. ಆ ಕೊರೊವಾಯ್ ಮನುಷ್ಯ ಈ ಬಾಣ ಕೆರೆಯುವಾಗ ಅದು ಯಾರಿಗೆಂದು ತಿಳಿದೇ ಕೆರೆದಿರಬೇಕು. ಬಿಡುವಾಗ ತಾನೇ ಎದುರಿಗೆ ನಿಲ್ಲುತ್ತಿದ್ದ. ನಾನು ಯಾರಿಗೆಂದೂ ಕೇಳದೆ ಅದೇ ಕಚ್ಚನ್ನು ಅಷ್ಟೇ ಆಳಕ್ಕೆ ಕೊರೆದಿದ್ದೆ, ಚೆನ್ನಾಗಿ ಕಾಣಲಿ ಎಂದು. ಎದ್ದು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಮತ್ತೆ ಕೂತು ನಾಲ್ಕು ಎಂದು ಬರೆದೆ: ಈ ತುದಿಯನ್ನು ಮಾಡಿದವನು ನಾನು. ಯಾರಿಗಾಗಿ ಮಾಡಿದೆ, ಯಾವಾಗ ಕೊಟ್ಟೆ, ಬಿಲ್ಲಿಗೆ ಹೆದೆ ಕಟ್ಟಿದವನೂ ನಾನೇ ಎಂದು ಪೂರ್ತಿ ಬರೆದು, ಗಂಟೆ ಹೊಡೆಯುವ ಮೊದಲು ಸಹಿ ಹಾಕಿದೆ. ಗಂಟೆ ಹೊಡೆದ ಮೇಲೆ ಧೈರ್ಯ ಉಳಿಯುತ್ತದೆಂಬ ನಂಬಿಕೆ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರು ಓದಿ, ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದರು. "ಏನ್ರೀ ಇದು? ನಿನ್ನೆ ಭೂತಗನ್ನಡಿ ಹಿಡ್ಕೊಂಡು ನಾಟಕ ಆಡಿದ್ರಾ?"

"ಹೌದು ಸಾರ್."

"ಅವನ್ನ ಮೂರು ದಿನದಿಂದ ಕೂರಿಸಿದೀನಲ್ರೀ ನಾನು!"

"ಹೌದು ಸಾರ್. ಅದಕ್ಕೇ."

ನಂಬಲೂ ಆಗದೆ ಬಿಡಲೂ ಆಗದೆ ಅವರು ಪುರಾವೆ ಕೇಳಿದರು. ಹಾಳಾದ ಎರಡು ತುದಿಗಳು, ಒನಕೆಯ ಉಳಿದ ತುಂಡು ವರ್ಕ್‌ಶಾಪಿನಲ್ಲೇ ಇದ್ದವು. ಒಬ್ಬ ಕಾನ್‌ಸ್ಟೇಬಲ್ ಜೊತೆ ಹೋಗಿ ತಂದೆ. ಮೇಜಿನ ಮೇಲೆ ಮೂರು ತುದಿಗಳನ್ನು ಸಾಲಾಗಿ ಇಟ್ಟೆ. ಮೊದಲನೆಯದು ಒರಟು, ಎರಡನೆಯದು ಪರವಾಗಿಲ್ಲ, ಮೂರನೆಯದು ರಕ್ತದ್ದು. ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಹಕ್ಕಿ ಹಿಡಿಯುವವನನ್ನು ಆ ಸಂಜೆಯೇ ಬಿಟ್ಟರು. ಅವನು ನನ್ನ ಕಡೆ ನೋಡದೆ ಹೆಂಡತಿಯ ಹಿಂದೆ ಹೊರಟುಹೋದ. ಎರಡು ದಿನದಲ್ಲಿ ಗುಡಾರ ಕಿತ್ತುಕೊಂಡು ಆ ಊರನ್ನೇ ಬಿಟ್ಟರು. ಸಾಹೇಬರು ಮೊದಲ ದಿನ ಏನೂ ಗೊತ್ತಿಲ್ಲ ಎಂದರಂತೆ. ಮಾರನೆಯ ದಿನ ತಾವೇ ಬಿಲ್ಲು ಹಿಡಿದುಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಠಾಣೆಗೆ ಬಂದು ಹೇಳಿಕೆ ಕೊಟ್ಟರು. ತರೀಕೆರೆಯ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಅಲ್ಲಿಯ ವರಾಂಡದಲ್ಲಿ ಅಕ್ಕಪಕ್ಕ ನಿಂತಿದ್ದೆವು. ನನಗೆ ಇಲಾಖೆಯಿಂದ ವಿವರಣೆ ಕೇಳಿ ಪತ್ರ ಬಂತು. ಕೆಲಸ ಹೋಗಲಿಲ್ಲ. ಖಾಯಂ ಆಗುವುದು ಮುಂದಕ್ಕೆ ಹೋಗಿ, ದೇವನೂರಿಗೆ ವರ್ಗ ಆಯಿತು.

ಇಷ್ಟೆಲ್ಲ ಆದರೂ ನಾನು ಗ್ಯಾಂಗ್‌ಮನ್‌ನನ್ನು ನೋಡಲು ಹೋಗಿರಲಿಲ್ಲ. ಆಸ್ಪತ್ರೆಯ ಗೇಟಿನ ತನಕ ಒಂದು ಸಲ ಹೋಗಿ ತಿರುಗಿ ಬಂದಿದ್ದೆ. ದೇವನೂರಿನಿಂದ ಎಲ್ಲಿಗೆ ಹೋಗಬೇಕಾದರೂ ಕಡೂರಿಗೆ ಬರಬೇಕು. ಅವನಿಗೆ ಹಳಿಯ ಮೇಲೆ ನಡೆಯುವ ಕೆಲಸ ಆಗದೆ ಕಡೂರು ಸ್ಟೇಷನ್ನಿನ ದೀಪದ ಕೋಣೆಗೆ ಹಾಕಿದ್ದಾರೆಂದು ತಿಳಿದ ಮೇಲೆ, ಪ್ರತಿ ಸಲ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೂ ಕಾಲು ಆ ಕಡೆ ಎಳೆಯುತ್ತಿತ್ತು. ನಾಲ್ಕನೆಯ ಸಲವೋ ಐದನೆಯ ಸಲವೋ ಹೋದೆ.

ಮಧ್ಯಾಹ್ನದ ಹೊತ್ತು. ಸೀಮೆಎಣ್ಣೆ ವಾಸನೆಯ ಸಣ್ಣ ಕೋಣೆ. ಸಿಗ್ನಲ್ ದೀಪಗಳನ್ನು ಸುತ್ತಲೂ ಇಟ್ಟುಕೊಂಡು, ಒಂದು ಕಾಲು ನೀಡಿಕೊಂಡು ಕೂತು ಬತ್ತಿ ಕತ್ತರಿಸುತ್ತಿದ್ದ. ನಲವತ್ತರ ಆಸುಪಾಸಿನವನು. ನಾನು ಯಾರೆಂದು ಹೇಳಿದೆ. ಕತ್ತರಿ ಒಂದು ಕ್ಷಣ ನಿಂತಿತು.

"ಓ. ಮೇಷ್ಟ್ರು ನೀವೇನಾ." ಮತ್ತೆ ಬತ್ತಿ ಕತ್ತರಿಸಿದ. "ಡಾಕ್ಟ್ರು ನನ್ನ ಮುಂದೇನೇ ಅಂದ್ರು, ಮಾಡಿದೋನು ಬಲು ಚೆನ್ನಾಗಿ ಮಾಡವ್ನೆ ಕಣಯ್ಯ ಅಂತ. ಒಂದೊಂದು ಮುಳ್ಳಿಗೂ ಬೇರೆ ಬೇರೆ ಕುಯ್ದ್ರು. ಸ್ವಲ್ಪ ಕೆಟ್ಟದಾಗಿ ಮಾಡಿದ್ರೆ ಬೇಗ ಈಚೆಗೆ ಬರ್ತಿತ್ತಂತೆ."

ನಾನು ಏನೋ ಹೇಳಬೇಕೆಂದು ಬಂದಿದ್ದೆ. ಬಸ್ಸಿನಲ್ಲಿ ಜೋಡಿಸಿಕೊಂಡೂ ಬಂದಿದ್ದೆ. ಬಾಗಿಲಲ್ಲೇ ನಿಂತೆ. ಹೊರಗೆ ಗೂಡ್ಸ್ ಗಾಡಿಯೊಂದು ಮೆಲ್ಲಗೆ ಹಾದುಹೋಯಿತು. ಅವನು ಇನ್ನೊಂದು ಬತ್ತಿ ಕತ್ತರಿಸಿದ.

"ತಪ್ಪಾಯ್ತು" ಎಂದೆ ಕೊನೆಗೆ.

ಅವನು ಮಸಿ ಹಿಡಿದ ಗಾಜೊಂದನ್ನೂ ಒಂದು ಹಳೆ ಬಟ್ಟೆಯನ್ನೂ ನನ್ನ ಕಡೆಗೆ ತಳ್ಳಿದ.

"ನಿಂತ್ಕೊಂಡ್ರೆ ಬೆಳಕು ಅಡ್ಡ ಆಯ್ತದೆ. ಕೂತ್ಕಳಿ. ಸಂಜೆ ಗಾಡಿಗೆ ಮುಂಚೆ ಇವೆಲ್ಲಾ ಆಗ್ಬೇಕು."

ಕೂತು ಒರೆಸಿದೆ. ಒಂದು ಮುಗಿಸಿ ಕೆಳಗಿಟ್ಟೆ. ಅವನು ಅದನ್ನು ಎತ್ತಿ ಕಿಟಕಿಗೆ ಹಿಡಿದು, ತಿರುಗಿಸಿ ನೋಡಿ, ನನ್ನ ಕೈಗೇ ವಾಪಸ್ಸು ಕೊಟ್ಟ.

"ಇನ್ನೂ ಮಸಿ ಐತೆ ಮೇಷ್ಟ್ರೇ" ಎಂದ.